ಕಂಟ್ರೋಲಿನ ಎರಡನೇ ಪುಸ್ತಕ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ‘ಕಂಟ್ರೋಲ್’ ಎಂಬ ಶಬ್ದದ ಮೇಲೆ ಸಿಟ್ಟಾಗಿ ಬರೆದಿದ್ದರು. ಗಡಿನಾಡಿನ ನಾವೇ ಹೀಗೆ ಇಂಗ್ಲಿಷ್ ಬೆರೆಸಿ ಮಾತಾಡಿದರೆ ಕನ್ನಡ ಉಳಿಯುವುದು ಹೇಗೆ, ‘ನಿಯಂತ್ರಣ’ ಎಂಬ ಶಬ್ದ ಇಲ್ಲವೇ ಎಂದು ಕೇಳಿದ್ದರು. ಅವರ ಕಾಳಜಿ ನನಗೂ ಇದೆ. ಆದರೆ ಆ ಶಬ್ದದ ಜೊತೆ ನಾನು ಬೆಳೆದವಳು. ಅದರ ಹುಟ್ಟು ಗೊತ್ತಾದ ಮೇಲೆ ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಮೊನ್ನೆ ರೇಶನ್ ಅಂಗಡಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯೂ ಸೇರಿ ಈ ಕಾಗದ ಬರೆಸಿತು. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ಕಾಸರಗೋಡಿನ ನೀರ್ಚಾಲಿನ ಹತ್ತಿರ ನನ್ನ ಅಪ್ಪನಿಗೆ ರೇಶನ್ ಅಂಗಡಿ ಇತ್ತು. ಊರಲ್ಲಿ ಯಾರೂ ಅದನ್ನು ಹಾಗೆ ಕರೆಯುತ್ತಿರಲಿಲ್ಲ. ‘ಕಂಟ್ರೋಲ್’ ಅಷ್ಟೆ. “ಕಂಟ್ರೋಲಿಗೆ ಅಕ್ಕಿ ಬಂತಾ?” “ಕಂಟ್ರೋಲಿನಲ್ಲಿ ಚಿಮಿಣಿ ಎಣ್ಣೆ ಮುಗಿಯಿತಂತೆ.” ತುಳುವಿನವರಿಗೂ ಕಂಟ್ರೋಲ್, ಮಲಯಾಳದವರಿಗೂ ಕಂಟ್ರೋಲ್, ಕೊಂಕಣಿ ಮಾತಾಡುವ ಪಕ್ಕದ ಮನೆಯವರಿಗೂ ಕಂಟ್ರೋಲ್. ನಮ್ಮಲ್ಲಿ ಏಳು ಭಾಷೆ ಇದೆ ಎಂದು ಭಾಷಣದಲ್ಲಿ ಹೇಳುತ್ತಾರೆ. ಏಳರಲ್ಲಿಯೂ ಒಂದೇ ಆಗಿದ್ದ ಶಬ್ದ ಇದು ಎಂದು ನನಗೆ ಚಿಕ್ಕಂದಿನಲ್ಲಿ ಅನಿಸುತ್ತಿತ್ತು.

ಆ ಹೆಸರು ಯುದ್ಧದ ಕಾಲದ್ದು. 1942ರಲ್ಲಿ ಬರ್ಮಾ ಜಪಾನಿನವರ ಕೈಸೇರಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಸರ್ಕಾರ ಅಕ್ಕಿಗೆ, ಬಟ್ಟೆಗೆ, ಎಣ್ಣೆಗೆ ದರ ಕಟ್ಟಿತು, ಅಳತೆ ಕಟ್ಟಿತು. ಆಗ ನಮ್ಮದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಅಂಗಡಿಯ ಹೆಸರು ಮಾತ್ರ ಹಾಗೇ ಉಳಿಯಿತು. 1960ರ ದಶಕದಲ್ಲಿ ಕೇರಳಕ್ಕೆ ಅಕ್ಕಿಯ ಬರ ಬಂದು, 1966ರಲ್ಲಿ ಇಡೀ ರಾಜ್ಯಕ್ಕೆ ರೇಶನಿಂಗ್ ಆರ್ಡರ್ ಬಂದಾಗ ನನಗೆ ಹನ್ನೊಂದು ವರ್ಷ. ಅಪ್ಪನಿಗೆ ಕಣ್ಣು ಮಂಜಾಗಿತ್ತು. ಶಾಲೆ ಬಿಟ್ಟು ಬಂದ ಮೇಲೆ ಅಂಗಡಿಯ ಪುಸ್ತಕ ಬರೆಯುವುದು ನನ್ನ ಕೆಲಸವಾಯಿತು.

ಕೆಲಸ ಹೀಗಿತ್ತು. ಗಿರಾಕಿ ಕಾರ್ಡು ಕೊಡುತ್ತಾರೆ. ಅಪ್ಪ ತೂಗುತ್ತಾರೆ. ನಾನು ಎರಡು ಕಡೆ ಬರೆಯಬೇಕು. ಅವರ ಕಾರ್ಡಿನಲ್ಲಿ ಒಮ್ಮೆ, ನಮ್ಮ ಪುಸ್ತಕದಲ್ಲಿ ಒಮ್ಮೆ. ತಾರೀಕು, ಅಕ್ಕಿ ಎಷ್ಟು, ಗೋಧಿ ಎಷ್ಟು, ಸಕ್ಕರೆ ಎಷ್ಟು. ತಾಲೂಕು ಆಫೀಸಿನಿಂದ ಇನ್‌ಸ್ಪೆಕ್ಟರ್ ಬಂದರೆ ಮೊದಲು ನಮ್ಮ ಪುಸ್ತಕ ನೋಡುತ್ತಿರಲಿಲ್ಲ. ಹೊರಗೆ ಸಾಲಿನಲ್ಲಿ ನಿಂತ ಮೂರ್ನಾಲ್ಕು ಜನರ ಕಾರ್ಡು ತೆಗೆದುಕೊಳ್ಳುತ್ತಿದ್ದರು. ಆಮೇಲೆ ನಮ್ಮ ಪುಸ್ತಕ ಬಿಡಿಸಿ ತಾಳೆ ನೋಡುತ್ತಿದ್ದರು. ಅಪ್ಪನ ಮುಖ ಆ ಹೊತ್ತಿಗೆ ಗಟ್ಟಿಯಾಗಿರುತ್ತಿತ್ತು. ನನಗೆ ಕೈ ತಣ್ಣಗಾಗುತ್ತಿತ್ತು.

ಒಂದು ಸಲ ತಪ್ಪಾಯಿತು. ತಪ್ಪು ನನ್ನದೇ. ಗುಡ್ಡದ ಆಚೆಯಿಂದ ಬರುತ್ತಿದ್ದ ಒಬ್ಬರು ಅಜ್ಜಿ. ಓದು ಬಾರದು, ತುಳು ಬಿಟ್ಟು ಬೇರೆ ಮಾತಿಲ್ಲ. ಕಾರ್ಡನ್ನು ಎಲೆಅಡಿಕೆಯ ಡಬ್ಬಿಯ ಅಡಿಯಲ್ಲಿ ಇಟ್ಟುಕೊಳ್ಳುತ್ತಿದ್ದರು, ಅದರ ಅಂಚೆಲ್ಲ ಸುಣ್ಣ. “ಎಂಕ್ ಸಕ್ಕರೆ ತಿಕ್ಕ್‌ದಿಜಿ” ಎಂದರು, ನನಗೆ ಸಕ್ಕರೆ ಸಿಕ್ಕಿಲ್ಲ ಎಂದು. ನಮ್ಮ ಪುಸ್ತಕ ನೋಡಿದರೆ ಸಕ್ಕರೆ ಕೊಟ್ಟಿದ್ದೇವೆ ಎಂದಿದೆ. ನಾನೇ ಬರೆದದ್ದು. “ಕೊಟ್ಟಾಗಿದೆ ಅಜ್ಜಿ, ಇಲ್ಲಿ ಬರೆದಿದೆ” ಎಂದೆ. ಅಪ್ಪ ಅವರ ಕಾರ್ಡು ಕೇಳಿ ತೆಗೆದುಕೊಂಡರು. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆ ತಿಂಗಳ ಸಕ್ಕರೆಯ ಜಾಗ ಖಾಲಿ. ಅಂಗಡಿಯ ಸಕ್ಕರೆ ಆಗಲೇ ಮುಗಿದಿತ್ತು. ಅಪ್ಪ ಒಳಗೆ ಹೋಗಿ ಮನೆಯ ಡಬ್ಬದಿಂದ ಸಕ್ಕರೆ ತಂದು ತೂಗಿ ಕೊಟ್ಟರು. ಅಜ್ಜಿ ಹೋದ ಮೇಲೆ ನನಗೆ ಒಂದೇ ಮಾತು ಹೇಳಿದರು: “ಅವರ ಕಾರ್ಡಿನಲ್ಲಿ ಇಲ್ಲದ್ದು ನಾವು ಕೊಟ್ಟ ಲೆಕ್ಕ ಅಲ್ಲ ಮಗಳೇ.” ಆ ತಿಂಗಳು ನಮ್ಮ ಮನೆಯಲ್ಲಿ ಬೆಲ್ಲದ ಚಹಾ.

ಮುಂದೆ ನಾನು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯಾಗಿ ಸೇರಿದೆ. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಲೆಕ್ಕ ನೋಡಲು ಬರುತ್ತಿದ್ದ ಹಿರಿಯ ಆಡಿಟರ್ ಒಬ್ಬರಿಗೆ ಶಬ್ದಗಳ ಹುಚ್ಚು. ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಪತ್ರಿಕೆಯಲ್ಲಿ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ನೋಡುವ ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್, ಅವರ ವರದಿಯ ಸುದ್ದಿ ಇತ್ತು. ನಾನು ಕೇಳಿದೆ: “ಸಾರ್, ಇಂಗ್ಲಿಷಿನಲ್ಲಿ ಕಂಪ್ಟ್ರೋಲರ್ ಎಂದು ಬರೆಯುತ್ತಾರೆ. ನೀವು ಕಂಟ್ರೋಲರ್ ಅನ್ನುತ್ತೀರಿ. ನಡುವಿನ ಆ ‘ಪ’ ಎಲ್ಲಿಗೆ ಹೋಯಿತು?” ಅವರಿಗೆ ಬಹಳ ಸಂತೋಷವಾಯಿತು. ಆ ‘ಪ’ ಅಲ್ಲಿ ಇರಬೇಕಾದದ್ದೇ ಅಲ್ಲ ಎಂದು ಶುರು ಮಾಡಿದರು. ಅಂದು ಅವರು ಹೇಳಿದ್ದನ್ನು ನಾನು ಆಮೇಲೆ ಲೈಬ್ರರಿಯ ದೊಡ್ಡ ನಿಘಂಟಿನಲ್ಲಿ ಹುಡುಕಿ ಓದಿದೆ. ಮತ್ತೂ ಓದಿದೆ.

ಕಂಟ್ರೋಲ್ ಎಂಬುದು ಎರಡು ತುಂಡುಗಳ ಶಬ್ದ. ಲ್ಯಾಟಿನ್ನಿನಲ್ಲಿ ‘ಕಾಂಟ್ರಾ’ ಅಂದರೆ ಎದುರು. ‘ರೋಟುಲುಸ್’ ಅಂದರೆ ಸುರುಳಿ. ಮಧ್ಯಯುಗದ ಯುರೋಪಿನಲ್ಲಿ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆದು ಸುತ್ತಿ ಇಡುತ್ತಿದ್ದರು. ಒಬ್ಬ ಬರೆದ ಸುರುಳಿಗೆ ಎದುರಾಗಿ ಇನ್ನೊಬ್ಬ ಇನ್ನೊಂದು ಸುರುಳಿ ಬರೆದು ಇಟ್ಟುಕೊಳ್ಳಬೇಕು. ಅದು ‘ಎದುರು ಸುರುಳಿ’. ಫ್ರೆಂಚರ ಬಾಯಲ್ಲಿ ಅದು ‘ಕಾಂತ್ರ್ ರೋಲ್’ ಆಗಿ, 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ‘ಕಂಟ್ರೋಲ್’ ಆಗಿ ಬಂತು. ಆಗ ಅದರ ಅರ್ಥ ಸುರುಳಿಗೆ ಸುರುಳಿ ಹಿಡಿದು ಲೆಕ್ಕ ಸರಿಯಿದೆಯೇ ನೋಡುವುದು. ನಮ್ಮ ‘ತಾಳೆ ನೋಡುವುದು’ ಇದೆಯಲ್ಲ, ಅದೇ. ಫ್ರೆಂಚಿನಲ್ಲಿ ಲೆಕ್ಕಕ್ಕೆ ‘ಕೋಂತ್’ ಅನ್ನುತ್ತಾರೆ. ಕಾಲ ಕಳೆದಂತೆ ‘ಕಂಟ್ರೋಲರ್’ ಎಂಬ ಶಬ್ದವೂ ಅದರಿಂದಲೇ ಹುಟ್ಟಿರಬೇಕು ಎಂದು ಯಾರೋ ತಪ್ಪಾಗಿ ತಿಳಿದರು. ಆ ಫ್ರೆಂಚ್ ಶಬ್ದದ ಬರಹದಲ್ಲಿ ಒಂದು ‘ಪ’ ಇದೆ. ಅದನ್ನು ಇದಕ್ಕೂ ಸೇರಿಸಿದರು. 1500ರ ಆಸುಪಾಸಿನ ಆ ತಪ್ಪು ನಮ್ಮ ಸಂವಿಧಾನದ 148ನೇ ವಿಧಿಯ ಇಂಗ್ಲಿಷ್ ಪಾಠದಲ್ಲೂ ಕೂತಿದೆ. ಅರ್ಥ ಮಾತ್ರ ತಪ್ಪಿಲ್ಲ. ಸರ್ಕಾರದ ಪುಸ್ತಕಕ್ಕೆ ಎದುರು ಪುಸ್ತಕ ಇಟ್ಟು ನೋಡುವುದೇ ಸಿಎಜಿಯವರ ಕೆಲಸ, ಅಲ್ವಾ?

ಇಂಗ್ಲೆಂಡಿನ ರಾಜರ ಖಜಾನೆಯ ಇಂಥ ಸುರುಳಿಗಳು ಈಗಲೂ ಉಳಿದಿವೆ. ತೀರಾ ಹಳೆಯದು 1130ರದ್ದು. ಕುರಿಯ ಚರ್ಮದ್ದು. ಕುರಿ ಚರ್ಮವೇ ಯಾಕೆ ಎಂಬುದಕ್ಕೆ ಆ ಕಾಲದವರೇ ಕಾರಣ ಬರೆದಿಟ್ಟಿದ್ದಾರೆ. ಅದರ ಮೇಲೆ ಬರೆದದ್ದನ್ನು ಕೆರೆದು ಅಳಿಸಿದರೆ ಕಲೆ ಉಳಿಯುತ್ತದೆ, ಕಳ್ಳತನ ಕಾಣುತ್ತದೆ. ಹಾಗಿದ್ದರೂ ಒಂದೇ ಸುರುಳಿಯನ್ನು ನಂಬಲಿಲ್ಲ. ಅದರ ಪ್ರತಿಯನ್ನು ಇನ್ನೊಬ್ಬ ಅಧಿಕಾರಿಯ ಕಡೆಯವರು ಬರೆದು ಬೇರೆಯಾಗಿ ಇಡುತ್ತಿದ್ದರು.

ಓದು ಬಾರದವರಿಗೆ? ಅವರಿಗೂ ಒಂದು ಉಪಾಯ ಇತ್ತು. ಮರದ ಕೋಲು. ಹಣ ಕಟ್ಟಿದಾಗ ಕೋಲಿನ ಮೇಲೆ ಗೀರು ಹಾಕುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ಅಗಲದ ಗೀರು. ನೂರಕ್ಕೆ ಹೆಬ್ಬೆರಳಷ್ಟು. ಇಪ್ಪತ್ತಕ್ಕೆ ಕಿರುಬೆರಳಷ್ಟು. ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳುತ್ತಿದ್ದರು. ಗೀರು ಎರಡೂ ಹೋಳಿನಲ್ಲಿ ಇರುತ್ತದೆ. ಒಂದು ಹೋಳು ಖಜಾನೆಗೆ, ಇನ್ನೊಂದು ಹಣ ಕಟ್ಟಿದವನಿಗೆ. ಲೆಕ್ಕದ ದಿನ ಎರಡನ್ನೂ ಜೋಡಿಸಿದರೆ ಮರದ ಎಳೆಗೆ ಎಳೆ ಕೂರಬೇಕು. ಒಂದರಲ್ಲಿ ಗೀರು ಹೆಚ್ಚಿಸಿದರೆ ಇನ್ನೊಂದರಲ್ಲಿ ಇಲ್ಲ, ಸಿಕ್ಕಿಬೀಳುತ್ತಾನೆ. ನನಗೆ ಇದನ್ನು ಓದಿದಾಗ ಆ ಅಜ್ಜಿಯ ಸುಣ್ಣ ಮೆತ್ತಿದ ಕಾರ್ಡು ನೆನಪಾಯಿತು. ಅವರಿಗೂ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರ ಹೋಳು ಅವರ ಡಬ್ಬಿಯಲ್ಲಿ ಇತ್ತು. (ಏಳುನೂರು ವರ್ಷ ಬಳಸಿದ ಆ ಕೋಲುಗಳನ್ನು ಕೊನೆಗೆ ಬೇಡ ಎಂದು 1834ರ ಅಕ್ಟೋಬರ್ 16ರಂದು ಒಲೆಗೆ ಹಾಕಿದರು. ಒಲೆಯ ಬೆಂಕಿ ಹಬ್ಬಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡವೇ ಸುಟ್ಟುಹೋಯಿತು.)

ಹೀಗೆ ಎದುರು ಪುಸ್ತಕದ ಶಬ್ದವಾಗಿದ್ದದ್ದು ಹಿಡಿತದ ಶಬ್ದ ಆದದ್ದು ಹೇಗೆ? ಎದುರು ಸುರುಳಿ ಇದ್ದವನಿಗೆ ಮೊದಲನೆಯವನ ಕೈ ತಡೆಯುವ ಬಲ ಇತ್ತು. ದಿನ ಹೋದಂತೆ ಜನ ಬಲವನ್ನು ನೆನಪಿಟ್ಟರು, ಸುರುಳಿಯನ್ನು ಮರೆತರು. ಫ್ರಾನ್ಸಿನಲ್ಲಿ ಇನ್ನೂ ಹಾಗೆ ಪೂರ್ತಿ ಆಗಿಲ್ಲ. ಅಲ್ಲಿ ರೈಲಿನಲ್ಲಿ ಟಿಕೆಟ್ ನೋಡಲು ಬರುವವರನ್ನು ‘ಕಂಟ್ರೋಲರ್’ ಎಂದೇ ಕರೆಯುತ್ತಾರೆ. ನಮಗೆ ಮಾತ್ರ ಕಂಟ್ರೋಲ್ ಅಂದರೆ ಬಿಗಿ. ಬೆಲೆ ಕಂಟ್ರೋಲ್, ಬಿ.ಪಿ. ಕಂಟ್ರೋಲ್, “ಮಕ್ಕಳು ಕಂಟ್ರೋಲಿಗೆ ಸಿಗುವುದಿಲ್ಲ”.

ಈಗ ನಿಮ್ಮ ಓದುಗರು ಹೇಳಿದ ‘ನಿಯಂತ್ರಣ’ಕ್ಕೆ ಬರುತ್ತೇನೆ. ಅದು ಸಂಸ್ಕೃತದ್ದು, ಪಕ್ಕದ ಮಲಯಾಳದಲ್ಲೂ ಅದೇ. ‘ನಿಯಂತೃ’ ಅಂದರೆ ಹಿಡಿದು ನಡೆಸುವವನು, ಸಾರಥಿ ಎಂದೂ ಅರ್ಥ. ಕಡಿವಾಣ ಹಿಡಿದವನ ಶಬ್ದ ಅದು. ಕಂಟ್ರೋಲಿನ ಒಳಗಿರುವ ‘ರೋಟುಲುಸ್’ ಹುಟ್ಟಿದ್ದು ‘ರೋಟ’ದಿಂದ, ಅಂದರೆ ಚಕ್ರದಿಂದ. ಲ್ಯಾಟಿನ್ನಿನ ರೋಟ, ನಮ್ಮ ರಥ ಎರಡೂ ಒಂದೇ ಬೇರಿನವು ಎಂದು ಭಾಷಾ ಪಂಡಿತರು ಹೇಳುತ್ತಾರೆ. ಒಂದೇ ತೇರಿನ ಚಕ್ರ ಒಂದು ಶಬ್ದದಲ್ಲಿ, ಸಾರಥಿ ಇನ್ನೊಂದರಲ್ಲಿ. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಆದರೆ ಲೆಕ್ಕದ ಮಾತು ಬಂದಾಗ ಸಾರಥಿಯ ಶಬ್ದ ಸಾಲದು. ನಮ್ಮದೇ ಒಂದು ಹಳೆಯ ಶಬ್ದ ಇದೆ: ಅಂಕೆ. “ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು” ಅನ್ನುತ್ತೇವೆ. ಅಲ್ಲಿ ಅಂಕೆ ಅಂದರೆ ಹಿಡಿತ. ಒಂದು ಎರಡು ಮೂರು ಎಂದು ಬರೆಯುವುದೂ ಅಂಕೆಯೇ. ಬರೆದ ಲೆಕ್ಕ, ಮಿತಿ ಎರಡೂ ಒಂದೇ ಶಬ್ದದಲ್ಲಿ. ಎಲ್ಲೋ ದೂರದಲ್ಲಿ ಕುರಿ ಚರ್ಮದ ಮೇಲೆ ಬರೆಯುತ್ತಿದ್ದವರು ಕಂಡದ್ದನ್ನು ನಮ್ಮವರೂ ಕಂಡಿದ್ದರು. ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯನ್ನು ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದಕ್ಕೆ ಕಡತ ಎಂದು ಹೆಸರು. ಬಟ್ಟೆ ಹೋದರೂ ಆಫೀಸಿನ ಫೈಲಿಗೆ ಆ ಹೆಸರು ಇನ್ನೂ ಇದೆ. ಆದ್ದರಿಂದ ಓದುಗರಿಗೆ ನನ್ನ ಮಾತು ಇಷ್ಟು: ಕನ್ನಡ ಬೇಕೆಂದರೆ ಅಂಕೆ ಅನ್ನಿ, ತಾಳೆ ಅನ್ನಿ, ನನಗೆ ಬಹಳ ಸಂತೋಷ. ಕಂಟ್ರೋಲ್ ಎಂದೇ ಅಂದರೂ ಬೇಸರ ಬೇಡ. ಅಕ್ಕಿಯ ಸಾಲಿನಲ್ಲಿ ನಿಂತ ನಮ್ಮ ಜನ ಎಂಬತ್ತು ವರ್ಷ ಬಾಯಲ್ಲಿ ಆಡಿ ಅದನ್ನು ನಮ್ಮದು ಮಾಡಿಕೊಂಡಿದ್ದಾರೆ.

ಇನ್ನು ಮೊನ್ನೆಯ ಸಂಗತಿ. ನಾನು ಈಗ ಇರುವ ಊರಿನ ರೇಶನ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹೆಸರು ಹೇಳುವುದಿಲ್ಲ, ಹುಡುಗ ಒಳ್ಳೆಯವನು. 2018ರಿಂದ ನಮ್ಮಲ್ಲಿ ಪುಸ್ತಕ ಇಲ್ಲ, ಮಿಷನ್. ಕಾರ್ಡಿನ ನಂಬರ್ ಒತ್ತಿದ. ನಾನು ಬೆರಳು ಇಟ್ಟೆ. ಕೆಲಸ ಮಾಡಿದ ಬೆರಳು, ಗೆರೆ ಸವೆದಿದೆ, ಮೂರನೇ ಸಲಕ್ಕೆ ತೆಗೆದುಕೊಂಡಿತು. ಅಕ್ಕಿ ಕೊಟ್ಟ. ಬಿಲ್ಲು ಕೇಳಿದೆ. “ರೋಲ್ ಮುಗಿದಿದೆ ಅಮ್ಮ” ಎಂದ.

ರೋಲ್ ಮುಗಿದಿದೆ. ಬಿಲ್ಲು ಬರುವ ಆ ಸಣ್ಣ ಕಾಗದದ ಸುರುಳಿ. ರೋಟುಲುಸ್! ಕಂಟ್ರೋಲ್ ಅಂಗಡಿಯಲ್ಲಿ ಎದುರು ಸುರುಳಿಯೇ ಇಲ್ಲ. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಬೆರಳಿನ ಗುರುತು ಅವರ ಪುಸ್ತಕಕ್ಕೆ ಹೋಯಿತು. ನನ್ನ ಕೈಗೆ ಏನೂ ಬರಲಿಲ್ಲ. ಹಿಂದಿನ ತಿಂಗಳೂ ಹೀಗೇ ಆಗಿತ್ತು.

ಮನೆಗೆ ಬಂದು ಹೇಳಿದಾಗ ಮೊಮ್ಮಗಳು ಮೊಬೈಲ್ ತೆಗೆದಳು. “ಅಜ್ಜಿ, ಇಂಟರ್ನೆಟ್ಟಿನಲ್ಲಿ ಕಾರ್ಡಿನ ನಂಬರ್ ಹಾಕಿದರೆ ಎಲ್ಲಾ ಕಾಣುತ್ತದೆ” ಎಂದು ತೋರಿಸಿದಳು. ನಿಜ, ಕಂಡಿತು. ಮಾಡಿದವರಿಗೆ ನಾನು ಕೃತಜ್ಞಳು. ಆದರೆ ನಾನು ಅವಳಿಗೆ ಹೇಳಿದೆ, ಇದು ಅವರ ಪುಸ್ತಕವನ್ನೇ ಕಿಟಕಿಯಿಂದ ನೋಡಿದ ಹಾಗೆ ಮಗಳೇ. ಅಲ್ಲಿ ತಪ್ಪು ಬರೆದಿದ್ದರೆ ಆ ತಪ್ಪೇ ನನಗೆ ಕಾಣುತ್ತದೆ. ತಾಳೆ ನೋಡಬೇಕಾದರೆ ನನ್ನ ಕೈಯಲ್ಲಿ ಇನ್ನೊಂದು ಬೇಕು. ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನರಿಗೆ ಮೊಮ್ಮಗಳು ಪಕ್ಕದಲ್ಲಿ ಇರುತ್ತಾಳೆ?

ಎದುರು ಪುಸ್ತಕ ಇಲ್ಲದ ಕಂಟ್ರೋಲ್ ಏನು ಮಾಡುತ್ತದೆ ಎಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದರು. ಅದಕ್ಕೂ ‘ಪೆಸ್ಟ್ ಕಂಟ್ರೋಲ್’ ಎಂದೇ ಹೆಸರು. ಯಾವ ದಿನ ಎಷ್ಟು ಸುರಿದರು ಎಂಬ ಪುಸ್ತಕ ಮೇಲಿದ್ದವರದು. ಕೆಳಗೆ ಪಡ್ರೆಯಲ್ಲಿ, ಸ್ವರ್ಗ ಎಂಬ ಊರಿನಲ್ಲಿ ಬಾವಿ ನೀರು ಕುಡಿದವರ ಕೈಯಲ್ಲಿ ಯಾವ ಪುಸ್ತಕ ಇತ್ತು? ಮಕ್ಕಳ ಮೈಯೇ ಆಮೇಲೆ ಪುಸ್ತಕವಾಯಿತು. 2017ರಲ್ಲಿ ಸಂತ್ರಸ್ತರಿಗೆ ಐದೈದು ಲಕ್ಷ ರೂಪಾಯಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಮನೆಮನೆಯ ಪ್ರಶ್ನೆ ಒಂದೇ ಆಗಿತ್ತು, ಪಟ್ಟಿಯಲ್ಲಿ ಹೆಸರು ಇದೆಯಾ? ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆ. ಒಂದು, ರೇಶನ್ ಅಂಗಡಿಗಳಿಗೆ ಕಾಗದದ ರೋಲ್ ತಪ್ಪದೆ ಸಿಗುವ ಹಾಗೆ ಸಪ್ಲೈ ಆಫೀಸಿನವರು ನೋಡಿಕೊಳ್ಳಲಿ. ಮುಗಿದ ದಿನ ಅಂಗಡಿಯವರು ಒಂದು ಚೀಟಿಯಲ್ಲಿ ಕೈಯಿಂದಲೇ ಬರೆದು ಕೊಡಲಿ. ಅದಕ್ಕೆ ಅರ್ಧ ನಿಮಿಷ ಸಾಕು, ನಾನು ಹನ್ನೊಂದನೇ ವಯಸ್ಸಿನಲ್ಲಿ ಬರೆದಿದ್ದೇನೆ. ಇನ್ನೊಂದು, ಆ ಬಿಲ್ಲಿನಲ್ಲಿ ಮಂಜೇಶ್ವರ, ಕಾಸರಗೋಡು ತಾಲೂಕಿನಲ್ಲಾದರೂ ಕನ್ನಡ ಇರಲಿ. ಅಕ್ಕಿ, ಗೋಧಿ, ಆಟ್ಟ, ಸಕ್ಕರೆ, ನಾಲ್ಕೈದು ಶಬ್ದಗಳು ಅಷ್ಟೆ. ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶ ಕೊಟ್ಟಿದ್ದರು. ಕಾಗದಕ್ಕೆ ಇರುವ ಮರ್ಯಾದೆ ಬಿಲ್ಲಿಗೂ ಸಿಗಲಿ. ಓದಲು ಬಾರದ ಅಕ್ಷರದಲ್ಲಿ ಕೊಟ್ಟರೆ ಎದುರು ಸುರುಳಿ ಕೈಯಲ್ಲಿದ್ದೂ ಇಲ್ಲದ ಹಾಗೆ. ಹಳದಿ ಕಾರ್ಡಿನವರು, ಗುಲಾಬಿ ಕಾರ್ಡಿನವರು ಅಕ್ಕಿಯನ್ನೇ ನಂಬಿ ಬದುಕುವವರು. ಅವರಿಗೆ ಒಂದು ಕಿಲೋ ಅಂದರೆ ಒಂದು ಕಿಲೋ.

ಅಂದ ಹಾಗೆ ‘ರೇಶನ್’ ಎಂಬುದೂ ಲ್ಯಾಟಿನ್ನಿನ ‘ರಾಷಿಯೋ’ ಎಂಬ ಶಬ್ದದಿಂದ ಬಂದದ್ದು. ಅದರ ಅರ್ಥವೂ ಲೆಕ್ಕ ಎಂದೇ.

ಈ ತಿಂಗಳು ಹೋದಾಗ ಹುಡುಗ ಹೊಸ ರೋಲ್ ಹಾಕಿದ್ದ. “ಇಗೊಳ್ಳಿ ಅಮ್ಮ, ನಿಮ್ಮ ಬಿಲ್ಲು” ಎಂದು ಹರಿದು ಕೊಟ್ಟ. ಆ ಕಾಗದಕ್ಕೆ ಬಿಸಿಲು ತಾಗಿದರೆ ಅಕ್ಷರ ಮಾಸುತ್ತದೆ, ಕೆಲವು ತಿಂಗಳಲ್ಲಿ ಬರೀ ಬಿಳಿ ಉಳಿಯುತ್ತದೆ. ಅದಕ್ಕೆ ಮನೆಗೆ ಬಂದ ಕೂಡಲೇ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟೆ. ತಾರೀಕು, ಅಕ್ಕಿ, ಗೋಧಿ, ಕೊಟ್ಟ ದುಡ್ಡು. ಪಕ್ಕದ ಮನೆಯ ಇಬ್ಬರು ಬಂದು ತಮ್ಮದನ್ನೂ ಬರೆದುಕೊಡಿ ಅಕ್ಕ ಎಂದರು. ಅವರದ್ದೂ ಬರೆಯುತ್ತಿದ್ದೇನೆ, ಒಬ್ಬೊಬ್ಬರಿಗೆ ಒಂದೊಂದು ಪುಟ. ಪುಟ ಹರಿದು ಅವರ ಕೈಗೇ ಕೊಡುತ್ತೇನೆ.

ಇಂತು,
ಒಬ್ಬ ನಿವೃತ್ತ ಗುಮಾಸ್ತೆ
ಬದಿಯಡ್ಕ, ಕಾಸರಗೋಡು ಜಿಲ್ಲೆ